ಕಾಫಿ ಬಿಟ್ಟವರ ಮೇವಿನ ಪಾಠ

ಹರಕೆ ಹೊರುವಾಗ ಮನುಷ್ಯ ಸ್ವಲ್ಪ ಹಿಂದುಮುಂದು ನೋಡಬೇಕು. ಆಸ್ವಾಲ್ಡ್ ಡಿಮೆಲ್ಲೊ ನೋಡಲಿಲ್ಲ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಅಬುಧಾಬಿಯ ಚರ್ಚಿನಿಂದ ಹೊರಗೆ ಕಾಲಿಡುವಾಗ, ಈಸ್ಟರ್ ಹಬ್ಬ ಆಗುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟುಬಿಟ್ಟರು. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ಈ ತಪಸ್ಸು ಕಾಲದಲ್ಲಿ ಮಾಂಸ ಬಿಡುವವರಿದ್ದಾರೆ, ಬಿಯರು ಬಿಡುವವರಿದ್ದಾರೆ, ಫೇಸ್‌ಬುಕ್ ಬಿಟ್ಟೆ ಎಂದು ಫೇಸ್‌ಬುಕ್ಕಿನಲ್ಲೇ ಹೇಳಿಕೊಳ್ಳುವವರೂ ಇದ್ದಾರೆ. ಆದರೆ ಮರುಭೂಮಿಯ ಅರಬರ ನಡುವೆ ದುಡಿಯಬೇಕಾದವನು ಕಾಫಿಯನ್ನೇ ಬಿಡುವುದೆಂದರೆ, ಮೀನುಗಾರ ಸ್ನಾನ ಬಿಟ್ಟೆ ಎಂದು ಕಡಲಿಗೆ ಇಳಿದ ಹಾಗೆ.

ಆಸ್ವಾಲ್ಡರನ್ನೂ ಪೂರಾ ಬೈಯುವಂತಿಲ್ಲ. ಅವರಿಗೆ ಕಾಫಿ ಎಂದರೆ ಪ್ರಾಣ. ಪ್ರಾಣಕ್ಕಿಂತ ಕಡಿಮೆಯದನ್ನು ಬಿಟ್ಟರೆ ದೇವರು ತಲೆ ಎತ್ತಿಯೂ ನೋಡಲಾರ ಎಂಬುದು ಅವರ ಲೆಕ್ಕ. ದೇವರಲ್ಲಿ ಕೇಳುವುದಾದರೂ ಸಣ್ಣದಾಗಿರಲಿಲ್ಲ. ಮಗಳು ನತಾಶಾ ಏಪ್ರಿಲ್‌ನಲ್ಲಿ ಹನ್ನೆರಡನೆಯ ಕ್ಲಾಸಿಗೆ ಹೋಗುವವಳು. ಹೆಂಡತಿ ಡೆಲ್ಫಿನ್ ನರ್ಸ್ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಅವರಿಬ್ಬರ ವೀಸಾವೂ ಆಸ್ವಾಲ್ಡರ ಕೆಲಸದ ಮೇಲೆಯೇ ನಿಂತಿತ್ತು. ಆ ಕೆಲಸ ಮಾರ್ಚ್ ಕೊನೆಗೆ ಇರುತ್ತದೋ ಹೋಗುತ್ತದೋ ಗೊತ್ತಿರಲಿಲ್ಲ. ಹೋದರೆ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲಾಟು ಖಾಲಿ ಮಾಡಿ, ಪರೀಕ್ಷೆಯ ವರ್ಷದ ಹುಡುಗಿಯನ್ನು ಕಿತ್ತುಕೊಂಡು ಉಡುಪಿ ಹತ್ತಿರದ ಶಿರ್ವಕ್ಕೆ, ತಮ್ಮ ಊರಿಗೆ, ಹೋಗಬೇಕು. ಹನ್ನೆರಡಕ್ಕೆ ಹೊಸದಾಗಿ ಸೇರಿಸಿಕೊಳ್ಳುವ ಶಾಲೆ ಶಿರ್ವದಲ್ಲೂ ಇರಲಿಲ್ಲ, ಉಡುಪಿಯಲ್ಲೂ ಇರಲಿಲ್ಲ. ಕೇಳಿ ನೋಡಿಯಾಗಿತ್ತು. ಇನ್ನೊಂದೇ ಒಂದು ವರ್ಷ ಕೊಡು ಎಂಬುದಷ್ಟೇ ಅವರ ಪ್ರಾರ್ಥನೆ.

ಕೆಲಸ ಎಂಥದ್ದು ಎಂದು ಹೇಳಬೇಕು. ಮರುಭೂಮಿಯ ಬಯಲಿನಲ್ಲಿ ಒಂಟೆ ಮೇಯಿಸುವುದಕ್ಕೆ ಹೊಸ ನಿಯಮ ಬಂದಿತ್ತು. ಒಂಟೆ ಸಾಕುವ ಪ್ರತಿಯೊಬ್ಬನೂ ತನ್ನ ಸುತ್ತಲಿನ ಬಯಲನ್ನು ಭಾಗ ಮಾಡಿ, ಈ ಚಳಿಗಾಲ ಇಲ್ಲಿ ಮೇಯಿಸುತ್ತೇನೆ, ಆ ಭಾಗಕ್ಕೆ ಬೇಲಿ ಹಾಕಿ ಎರಡು ಚಳಿಗಾಲ ಬಿಡುತ್ತೇನೆ ಎಂದು ಯೋಜನೆ ಮಾಡಿ ಕೊಡಬೇಕು. ಬಿಟ್ಟ ನೆಲದಲ್ಲಿ ಹುಲ್ಲೂ ಗಿಡವೂ ಮತ್ತೆ ತಲೆಯೆತ್ತಬೇಕು. ಆ ಯೋಜನೆ ಮಾಡುವುದು ಹೇಗೆ ಎಂದು ಒಂಟೆಯ ಧಣಿಗಳಿಗೂ ಅವರ ಮ್ಯಾನೇಜರುಗಳಿಗೂ ಪಾಠ ಹೇಳುವ ಗುತ್ತಿಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ತರಬೇತಿ ಕಂಪನಿಗೆ ಸಿಕ್ಕಿತ್ತು. ಕೃಷಿ ಕಾಲೇಜಿನಲ್ಲಿ ಓದಿ, ಕಾಲು ಶತಮಾನ ಅಬುಧಾಬಿಯ ಪಾರ್ಕುಗಳಿಗೆ ನೀರು ಹಾಯಿಸಿದ ಆಸ್ವಾಲ್ಡರು ಅಲ್ಲಿ ಮೇಷ್ಟ್ರು.

ಬೇರೆ ಕಡೆ ಪಾಠ ಸಲೀಸಾಗಿ ನಡೆಯಿತು. ಕಗ್ಗಂಟಾದದ್ದು ಅಬುಧಾಬಿಯ ಪಶ್ಚಿಮಕ್ಕಿರುವ ದಫ್ರಾದ ಕಡೆಯ ಒಂದು ಬಯಲಿನಲ್ಲಿ. ಮೊದಲ ಸಲ ಅಲ್ಲಿ ಕ್ಲಾಸು ಇಟ್ಟಾಗ ಒಬ್ಬ ಧಣಿಯೂ ಬರಲಿಲ್ಲ. ತಮ್ಮ ನೀರಿನ ಟ್ಯಾಂಕರಿನ ಡ್ರೈವರುಗಳನ್ನು ಕಳಿಸಿದರು. ಪಾಪ, ಅವರು ಏಸಿಯ ತಂಪಿಗೆ ಕೂತಲ್ಲೇ ನಿದ್ದೆ ಹೋದರು. ಆಸ್ವಾಲ್ಡರು ಅವರ ಗೊರಕೆಗೆ ಮೇವಿನ ಸಿದ್ಧಾಂತ ವಿವರಿಸಿ ಬಂದರು. ಎರಡನೆಯ ಸಲ ಡ್ರೈವರುಗಳೂ ಬರಲಿಲ್ಲ.

ಕಾರಣ ಬು ಮುಸಲ್ಲಂ, ಎಂದರೆ ಮುಸಲ್ಲಂನ ಅಪ್ಪ, ಎಂದು ಎಲ್ಲರೂ ಕರೆಯುವ ಮುದುಕ. ಆ ಬಯಲಿನಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಹೆಚ್ಚು ಒಂಟೆ ಇದ್ದವನು. ಅವನು ಹೂಂ ಎಂದರೆ ಉಳಿದವರದ್ದೂ ಹೂಂ. ಅವನೋ, ನಮ್ಮ ಅಪ್ಪ ಅಜ್ಜ ಕಂಪ್ಯೂಟರು ಇಲ್ಲದೆಯೇ ನೆಲಕ್ಕೆ ವಿಶ್ರಾಂತಿ ಕೊಟ್ಟವರು, ಪೇಟೆಯ ಮೇಷ್ಟ್ರು ಬಂದು ನಮಗೆ ಕಲಿಸುವುದು ಬೇಡ ಎಂದು ಕೂತುಬಿಟ್ಟಿದ್ದ.

“ಆಸ್ವಾಲ್ಡ್ ಅಂಕಲ್, ಈ ಬ್ಯಾಚ್ ಆಗ್ಲಿಲ್ಲ ಅಂದ್ರೆ ಗುತ್ತಿಗೆ ಬೇರೆಯವ್ರಿಗೆ ಹೋಗ್ತದೆ,” ಎಂದು ಮ್ಯಾನೇಜರ್ ಸೆಡ್ರಿಕ್ ಫೋನಿನಲ್ಲಿ ಹೇಳಿದ್ದ. ಅವನೂ ಊರಿನವನೇ, ಬಜ್ಪೆ ಕಡೆಯ ಹುಡುಗ. ದನಿಯಲ್ಲಿ ಬೇಜಾರೂ ಇತ್ತು. “ಗುತ್ತಿಗೆ ಹೋದ್ರೆ ನಿಮ್ಮ ವೀಸಾ ನಾನು ರಿನೀವ್ ಮಾಡ್ಲಿಕ್ಕೆ ಆಗುದಿಲ್ಲ. ಒಮ್ಮೆ ನೀವೇ ಹೋಗಿ ಆ ಮುದುಕನ ಹತ್ರ ಮಾತಾಡಿ ನೋಡಿ.”

ಹಾಗಾಗಿ ಆ ದಿನ ಬೆಳಿಗ್ಗೆ ಆಸ್ವಾಲ್ಡರು ಬು ಮುಸಲ್ಲಂನ ಒಂಟೆ ತೋಟಕ್ಕೆ ಹೊರಟಿದ್ದರು. ಕಾರು ಓಡಿಸುತ್ತಿದ್ದವರು ಉಮ್ಮರಬ್ಬ. ಬಂಟ್ವಾಳದವರು, ಕಂಪನಿಯಲ್ಲಿ ದುಭಾಷಿ. ಅವರ ಅರಬ್ಬಿ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳಾಡಿ ಕಲಿತದ್ದು. ಹಾಗಾಗಿ ಅವರು ಯಾವ ಗಂಭೀರ ಮಾತನ್ನು ಅನುವಾದಿಸಿದರೂ ಕೊನೆಯ ರೇಟು ಹೇಳಿದಂತೆ ಕೇಳುತ್ತಿತ್ತು. ಕರಾವಳಿಯ ರೂಢಿಯಂತೆ ಅವರಿಗೆ ಕ್ರೈಸ್ತರಾದ ಆಸ್ವಾಲ್ಡರು ಪೊರ್ಬುಗಳು, ಆಸ್ವಾಲ್ಡರಿಗೆ ಮುಸ್ಲಿಮರಾದ ಅವರು ಬ್ಯಾರಿಗಳು.

“ಎಂತ ಪೊರ್ಬುಗಳೇ, ಮುಖ ಹೀಗೆ ಮಾಡಿದ್ದೀರಿ? ಹೆದರಿಕೆ ಉಂಟಾ?”

“ಹೆದರಿಕೆ ಅಲ್ಲ ಬ್ಯಾರಿಗಳೇ. ಹೇಳ್ಬೇಕಾದ ಮಾತೆಲ್ಲ ಮರೆತು ಹೋಗ್ತಾ ಉಂಟು.”

“ಅದೇ ಹೆದರಿಕೆ ಮಾರಾಯ್ರೆ! ಒಂದು ಮಾತು ಹೇಳ್ತೇನೆ, ಕೇಳಿ. ಒಳಗೆ ಹೋದ ಕೂಡಲೇ ಕಾಫಿ ಕೊಡ್ತಾರೆ. ಬೇಡ ಅಂತ ಮಾತ್ರ ಹೇಳ್ಬೇಡಿ. ಮೊದಲನೇ ಕಪ್ಪು ಬೇಡ ಅಂದ್ರೆ ಮುಖಕ್ಕೆ ಹೊಡೆದ ಹಾಗೆ. ಮತ್ತೆ ಅಜ್ಜ ಕೇಳುವವರೆಗೆ ನೀವು ಬಾಯಿ ತೆರೆಯುದು ಬೇಡ. ಗೊತ್ತಾಯ್ತಾ?”

ಆಸ್ವಾಲ್ಡರು ಗೊತ್ತಾಯಿತು ಎಂದು ತಲೆ ಆಡಿಸಿದರು. ತಮ್ಮ ಹರಕೆಯ ವಿಷಯ ಅವರು ಉಮ್ಮರಬ್ಬರಿಗೆ ಹೇಳಿರಲಿಲ್ಲ. ಹರಕೆಯನ್ನು ಡಂಗುರ ಸಾರಿದರೆ ಅದರ ಪುಣ್ಯ ಹೋಗುತ್ತದೆ ಎಂದು ಅವರ ತಾಯಿ ಕಲಿಸಿದ್ದರು. ಕಾಫಿ ಕೊಟ್ಟರೆ ತೆಗೆದುಕೊಂಡರಾಯಿತು, ಕುಡಿಯದಿದ್ದರಾಯಿತು ಎಂದುಕೊಂಡರು. ಊರಿನಲ್ಲಿ ಹೋದ ಮನೆಯಲ್ಲೆಲ್ಲ ಶರಬತ್ತು ಕೊಟ್ಟರೆ ನಾವು ಮಾಡುವುದೂ ಅದನ್ನೇ ಅಲ್ಲವೇ? ಬೇಡ ಎಂದರೆ ಮನೆಯವರಿಗೆ ಬೇಸರವಾದೀತೆಂದು ನಗುನಗುತ್ತಾ ಲೋಟ ತೆಗೆದುಕೊಳ್ಳುತ್ತೇವೆ. ಆಮೇಲೆ ಮೆಲ್ಲಗೆ ಕುರ್ಚಿಯ ಬದಿಗೋ ಕಿಟಕಿ ದಂಡೆಗೋ ಸೇರಿಸುತ್ತೇವೆ. ಅವರಿಗೂ ಸಮಾಧಾನ, ನಮಗೂ ಸಮಾಧಾನ.

ಡಾಂಬರು ಮುಗಿದು ಗಟ್ಟಿ ಮರಳಿನ ದಾರಿ ಹಿಡಿದರು. ಎರಡೂ ಬದಿಗೆ ನೆಲ ಬೋಳಾಗಿತ್ತು. ನಮ್ಮಲ್ಲಿ ಬನ್ನಿ ಎನ್ನುವ ಗಾಫ್ ಮರಗಳ ಕೆಳಗಿನ ಕೊಂಬೆಗಳು ಒಂಟೆಯ ಬಾಯಿಗೆ ಎಟುಕುವಷ್ಟು ಎತ್ತರಕ್ಕೆ ಕತ್ತರಿಸಿದಂತೆ ಸಮನಾಗಿದ್ದವು. ಈ ನೆಲಕ್ಕೆ ವಿಶ್ರಾಂತಿ ನಿಜವಾಗಿಯೂ ಬೇಕಿತ್ತು. ವೀಸಾದ ಚಿಂತೆಯಲ್ಲಿ ಅದನ್ನು ಮರೆತೇ ಬಿಟ್ಟಿದ್ದೆನಲ್ಲ ಎಂದು ಆಸ್ವಾಲ್ಡರಿಗೆ ಸ್ವಲ್ಪ ನಾಚಿಕೆಯಾಯಿತು.

ಮಜ್ಲಿಸ್ ಎಂದರೆ ಅತಿಥಿಗಳು ಕೂರುವ ಉದ್ದನೆಯ ಕೋಣೆ. ಕೆಂಪು ಜಮಖಾನೆಯ ಮೇಲೆ ಗೋಡೆಗೆ ಒರಗಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ಎಲ್ಲರೂ ಸುತ್ತಲಿನ ಒಂಟೆ ಧಣಿಗಳೇ. ಮೇಷ್ಟ್ರು ಬರುತ್ತಾನಂತೆ ಎಂಬ ಸುದ್ದಿ ಕೇಳಿ ತಮಾಷೆ ನೋಡಲು ಬಂದವರು. ನಡುವೆ ಬು ಮುಸಲ್ಲಂ. ಒಣಗಿದ ದೇಹ, ಬಿಳಿ ಗಡ್ಡ, ಒಂದು ಕಣ್ಣಿಗೆ ಪೊರೆ. ಎದ್ದು ನಿಂತು ಇಬ್ಬರ ಕೈಯನ್ನೂ ಹಿಡಿದು ಸಲಾಂ ಹೇಳಿದ, ಮನೆಯವರ ಕ್ಷೇಮ ವಿಚಾರಿಸಿದ, ತನ್ನ ಬಲಗಡೆಗೇ ಕೂರಿಸಿಕೊಂಡ. ಮರ್ಯಾದೆಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಅದನ್ನು ಕಂಡೇ ಆಸ್ವಾಲ್ಡರ ಎದೆ ಕುಸಿಯಿತು. ಇಷ್ಟು ಮರ್ಯಾದೆ ಮಾಡುವವರು ಕೆಲಸ ಮಾಡಿಕೊಡುವುದಿಲ್ಲ ಎಂಬುದು ಸರಕಾರಿ ಆಫೀಸುಗಳಲ್ಲಿ ಅವರು ಕಂಡುಕೊಂಡ ಸತ್ಯ.

ಖರ್ಜೂರ ಬಂತು. ತಿಂದರು. ಆಮೇಲೆ ಮುದುಕನ ಮಗ ಮುಸಲ್ಲಂ, ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ, ಎಡಗೈಯಲ್ಲಿ ಕೊಕ್ಕಿನ ಹಿತ್ತಾಳೆ ಹೂಜಿ ಹಿಡಿದು ಬಂದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ಆಸ್ವಾಲ್ಡರಿಗೆ ಕೊಟ್ಟ. ಫಿಂಜಾನ್ ಎನ್ನುತ್ತಾರೆ ಆ ಬಟ್ಟಲಿಗೆ. ಏಲಕ್ಕಿಯ ಘಮ ಮೂಗಿಗೆ ಅಡರಿತು. ಇಷ್ಟು ದಿನ ಕಾಫಿಯ ಮುಖ ಕಾಣದ ಆಸ್ವಾಲ್ಡರ ಬಾಯಲ್ಲಿ ನೀರೂರಿತು. ಅವರು ಬಲಗೈಯಿಂದ ವಿನಯದಿಂದ ತೆಗೆದುಕೊಂಡರು, ಚೆಂದಕ್ಕೆ ನಕ್ಕರು, ಶಿರ್ವದ ಪದ್ಧತಿಯಂತೆ ಮೆಲ್ಲಗೆ ತಮ್ಮ ಮುಂದೆ ಜಮಖಾನೆಯ ಮೇಲೆ ಇಟ್ಟರು.

ಒಬ್ಬರಾದ ಮೇಲೊಬ್ಬರು ಎಲ್ಲರೂ ಆ ಬಟ್ಟಲನ್ನೇ ನೋಡತೊಡಗಿದರು. ಒರಗಿ ಕೂತವರು ನೆಟ್ಟಗಾದರು. ಮುಸಲ್ಲಂ ಹೂಜಿ ಹಿಡಿದು ನಿಂತಲ್ಲೇ ನಿಂತ. ತಮ್ಮ ಬಟ್ಟಲನ್ನು ಬಾಯಿಗೆ ಇಟ್ಟಿದ್ದ ಉಮ್ಮರಬ್ಬ, ಏನೋ ಎಡವಟ್ಟಾಗಿದೆ ಎಂದು ತಿಳಿದು, ಏನು ಎಂದು ಮಾತ್ರ ತಿಳಿಯದೆ ಕಣ್ಣು ಪಿಳಿಪಿಳಿ ಬಿಟ್ಟರು.

ಬು ಮುಸಲ್ಲಂ ತನ್ನ ತಲೆವಸ್ತ್ರ ಸರಿ ಮಾಡಿಕೊಂಡ. “ಹೇಳು. ನಿನ್ನ ಬೇಡಿಕೆ ಏನು?” ಎಂದ.

ಉಮ್ಮರಬ್ಬ ಅದನ್ನು ಕನ್ನಡಕ್ಕೆ ತಂದರು. “ನಿಮ್ಮ ಬೇಡಿಕೆ ಎಂತ ಅಂತ ಕೇಳ್ತಾರೆ. ಎಂಥದು ಮಾಡಿದ್ರಿ ನೀವು?”

“ನಾನು ಎಂಥದೂ ಮಾಡ್ಲಿಲ್ಲ!”

ಅವರ ಗಲಿಬಿಲಿ ನೋಡಿ ಮುಸಲ್ಲಂ ಬಗ್ಗಿ, ಇಂಗ್ಲಿಷಿನಲ್ಲಿ ಮೆಲುದನಿಯಲ್ಲಿ ಬಿಡಿಸಿ ಹೇಳಿದ. ಅತಿಥಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ, ಅವನು ಏನೋ ಕೇಳಲು ಬಂದಿದ್ದಾನೆ ಎಂದು ನಮ್ಮಲ್ಲಿ ಅರ್ಥ. ಮನೆಯ ಯಜಮಾನ ಕೊಡುತ್ತೇನೆ ಎಂದ ಮೇಲೆಯೇ ಅವನು ಕುಡಿಯುತ್ತಾನೆ. ಕುಡಿಯದೆ ಎದ್ದು ಹೋದರೆ ಮನೆಯ ಮಾನ ಹೋಗುತ್ತದೆ. ಈಗಿನವರು ಹೀಗೆ ಮಾಡುವುದಿಲ್ಲ, ನೀವು ಮಾಡಿದಿರಿ. ಇಷ್ಟು ಜನರ ಎದುರು ಮಾಡಿದಿರಿ. ಕೇಳಿ.

ಇಲ್ಲ ಸ್ವಾಮಿ, ನಾನು ಏನನ್ನೂ ಕೇಳಲಿಲ್ಲ ಎನ್ನೋಣ ಎಂದು ಆಸ್ವಾಲ್ಡರು ಬಾಯಿ ತೆರೆದರು. ಆದರೆ ಅದು ಸುಳ್ಳಾಗುತ್ತಿತ್ತು. ಕೇಳಲಿಕ್ಕೇ ಬಂದದ್ದಲ್ಲವೇ?

“ಯೋಜನೆಗೆ ಸಹಿಯನ್ನೇ ಕೇಳಿ ಪೊರ್ಬುಗಳೇ, ಯಲ್ಲಾ, ಬೇಗ!” ಉಮ್ಮರಬ್ಬ ಹಲ್ಲು ಕಚ್ಚಿ ಪಿಸುಗುಟ್ಟಿದರು. “ಅಜ್ಜ ಸಿಕ್ಕಿಬಿದ್ದಿದ್ದಾರೆ. ಇಂಥ ಚಾನ್ಸ್ ಪುನಃ ಬರುದಿಲ್ಲ.”

ಸಿಕ್ಕಿಬಿದ್ದವನಿಂದ ಕಿತ್ತುಕೊಳ್ಳುವುದು ಆಸ್ವಾಲ್ಡರಿಗೆ ಸರಿ ಕಾಣಲಿಲ್ಲ. “ಸಹಿ ಬೇಡ,” ಎಂದರು. “ಒಂದು ದಿನ ಬಂದು ನನ್ನ ಪಾಠ ಕೇಳಬೇಕು. ಇವರೆಲ್ಲರೂ. ಸರಿ ಕಾಣದಿದ್ದರೆ ಅಲ್ಲಿಯೇ ಎದ್ದು ನಿಂತು ನನ್ನನ್ನು ಬೈಯಲಿ.”

ಉಮ್ಮರಬ್ಬ ಒಲ್ಲದ ಮನಸ್ಸಿನಿಂದ ಅಷ್ಟನ್ನೇ ಅನುವಾದಿಸಿದರು.

ಮುದುಕ ಗಡ್ಡ ನೀವಿಕೊಂಡ. ಅವನಿಗೆ ಅದು ಸುತರಾಂ ಇಷ್ಟವಿರಲಿಲ್ಲ, ಮುಖವೇ ಹೇಳುತ್ತಿತ್ತು. ಎರಡು ಸಲ ಕ್ಲಾಸಿಗೆ ಬಾರದೆ ಹಟ ಸಾಧಿಸಿದವನು ಈಗ ಒಂದು ಬಟ್ಟಲು ಕಾಫಿಗೆ ಸೋಲಬೇಕಾಗಿತ್ತು. ಆದರೆ ಕೂತವರೆಲ್ಲ ನೋಡುತ್ತಿದ್ದರು.

“ಖಲಾಸ್, ಆಯಿತು,” ಎಂದ. “ಬರುತ್ತೇನೆ. ಇವರನ್ನೂ ಕರೆತರುತ್ತೇನೆ. ಈಗ ಕುಡಿ.”

ಕೋಣೆಯ ತುಂಬ ಉಸಿರು ಬಿಟ್ಟ ಸದ್ದು ಕೇಳಿಸಿತು. ಉಮ್ಮರಬ್ಬ ಅಲ್‌ಹಮ್ದುಲಿಲ್ಲಾ ಎಂದು ಆಸ್ವಾಲ್ಡರ ತೊಡೆಗೆ ಬಡಿದರು. ಎಲ್ಲರೂ ಕಾಯುತ್ತಿದ್ದರು. ಆಸ್ವಾಲ್ಡರು ಬಟ್ಟಲನ್ನು ಕೈಗೆ ತೆಗೆದುಕೊಂಡು ತುಟಿಯ ಹತ್ತಿರ ತಂದರು. ಒಂದು ಗುಟುಕಿನ ಕೆಲಸ. ಆಚೆ ಬದಿಗೆ ನತಾಶಾಳ ಒಂದು ವರ್ಷ ಇತ್ತು, ಮನೆ ಇತ್ತು, ನೆಮ್ಮದಿ ಇತ್ತು. ಡೆಲ್ಫಿನ್ ಖಂಡಿತ ಕ್ಷಮಿಸುತ್ತಿದ್ದಳು. ಪಾದ್ರಿಗಳೂ ನಕ್ಕುಬಿಡುತ್ತಿದ್ದರು.

ಆದರೆ ಅವರ ಕೈ ಮುಂದೆ ಹೋಗಲಿಲ್ಲ. ಇದೇ ವರಕ್ಕಾಗಿ ಕಾಫಿ ಬಿಟ್ಟವರು ಅವರು. ವರ ಕೈಗೆ ಬರುವ ಹೊತ್ತಿಗೇ ಮಾತು ಮುರಿದರೆ, ಆಮೇಲೆ ಆ ವರ್ಷದ ಒಂದೊಂದು ದಿನವೂ ಕದ್ದದ್ದು ಎಂದು ಅನಿಸುತ್ತದೆ. ಭಯವೂ ಇತ್ತು, ನಾನು ಇಲ್ಲ ಎನ್ನುವುದಿಲ್ಲ. ಕೊಟ್ಟವನು ತಿರುಗಿ ಕಿತ್ತುಕೊಂಡರೆ ಎಂಬ ಭಯ. ಆದರೆ ಭಯಕ್ಕಿಂತ ಹೆಚ್ಚಾಗಿ ಅದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

ಅವರು ಬಟ್ಟಲನ್ನು ಮತ್ತೆ ಕೆಳಗಿಟ್ಟರು.

“ಪೊರ್ಬುಗಳೇ!” ಉಮ್ಮರಬ್ಬರ ದನಿ ಅಳುವಂತಿತ್ತು. “ಹುಚ್ಚು ಹಿಡಿದಿದೆಯಾ ನಿಮಗೆ? ಕುಡೀರಿ ಮಾರಾಯ್ರೆ!”

“ಆಗುದಿಲ್ಲ ಬ್ಯಾರಿಗಳೇ. ಹರಕೆ ಉಂಟು. ಈಸ್ಟರ್‌ವರೆಗೆ ಕಾಫಿ ಬಿಟ್ಟಿದ್ದೇನೆ.”

“ಒಂದೇ ಒಂದು ಗುಟುಕು! ದೇವರಿಗೆ ನಾನು ಹೇಳ್ತೇನೆ!”

“ನೀವು ಇವರಿಗೆ ಹೇಳಿ. ಇದ್ದದ್ದು ಇದ್ದ ಹಾಗೆ ಹೇಳಿ.”

ಉಮ್ಮರಬ್ಬ ಹೇಳಿದರು. ಬಟ್ಟೆ ಅಂಗಡಿಯ ಅರಬ್ಬಿಗೆ ಅಂದು ಬಂದಷ್ಟು ಕಷ್ಟ ಹಿಂದೆಂದೂ ಬಂದಿರಲಿಲ್ಲ. ಈ ಮನುಷ್ಯನಿಗೆ ನಿಮ್ಮ ಪದ್ಧತಿ ಗೊತ್ತಿರಲಿಲ್ಲ. ಬಟ್ಟಲು ಕೆಳಗಿಟ್ಟದ್ದು ಬೇಡಿಕೆಗೆ ಅಲ್ಲ. ತನ್ನ ಧರ್ಮದ ಉಪವಾಸದ ಕಾಲದಲ್ಲಿ ಕಾಫಿ ಬಿಟ್ಟಿದ್ದಾನೆ. ಬೇಡ ಎನ್ನಲು ನಾಚಿಕೆಯಾಗಿ ತೆಗೆದುಕೊಂಡ. ಕೂತವರಲ್ಲಿ ಇಬ್ಬರು ನಗು ತಡೆಯಲಾರದೆ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡರು. ಒಬ್ಬ ದಢೂತಿ ಮನುಷ್ಯ, ಹಾಗಿದ್ದರೆ ಮಾತು ರದ್ದು, ಬೇಡಿಕೆಯೇ ಇಲ್ಲ ಎಂದು ಗಟ್ಟಿಯಾಗಿ ಹೇಳಿದ. ಅವನಿಗೆ ಪಾಠ ತಪ್ಪಿದರೆ ಸಾಕಿತ್ತು.

ಬು ಮುಸಲ್ಲಂ ನಗಲಿಲ್ಲ. “ಬಟ್ಟಲು ತಪ್ಪಿ ಇಟ್ಟದ್ದು. ಬೇಡಿಕೆ?”

“ಬೇಡಿಕೆ ನಿಜ,” ಎಂದರು ಆಸ್ವಾಲ್ಡರು.

“ಉಪವಾಸ ಯಾತಕ್ಕೆ?”

ಹರಕೆಯ ಪುಣ್ಯ ಹೋದರೆ ಹೋಗಲಿ ಎಂದು ಆಸ್ವಾಲ್ಡರು ಎಲ್ಲವನ್ನೂ ಹೇಳಿಬಿಟ್ಟರು. ಈ ಪಾಠ ನಡೆಯದಿದ್ದರೆ ತಮ್ಮ ಕೆಲಸ ಹೋಗುವುದನ್ನು, ಮಗಳ ಹನ್ನೆರಡನೆಯ ಕ್ಲಾಸನ್ನು, ಒಂದು ವರ್ಷ ಕೊಡು ಎಂದು ಬೇಡಿಕೊಂಡದ್ದನ್ನು. ಈ ವಯಸ್ಸಿನಲ್ಲಿ ಹತ್ತು ಜನರ ಎದುರು ಹೀಗೆ ಬತ್ತಲಾಗಬೇಕಾಯಿತಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಮುದುಕ ಪೊರೆಯಿಲ್ಲದ ಕಣ್ಣಿನಿಂದ ಅವರನ್ನು ನೋಡಿದ. “ದೇವರ ಹತ್ತಿರ ಕೇಳಿದ್ದನ್ನೇ ನನ್ನ ಹತ್ತಿರವೂ ಕೇಳಿದೆ.”

“ಹೌದು.”

“ನಾನು ಕೊಟ್ಟೆ. ಆದರೂ ಕುಡಿಯಲಿಲ್ಲ.”

“ಮಾತು ಕೊಟ್ಟಾಗಿತ್ತು,” ಎಂದರು ಆಸ್ವಾಲ್ಡರು.

ಬು ಮುಸಲ್ಲಂ ಗೋಡೆಗೆ ಒರಗಿದ. ಆಮೇಲೆ ಅವನು ಆಡಿದ ಮಾತು ಕಾಫಿಯದ್ದಲ್ಲ. “ಒಂದು ಕೇಳುತ್ತೇನೆ. ನೆಲಕ್ಕೆ ವಿಶ್ರಾಂತಿ ಬೇಕು ಎಂದು ನನಗೆ ನೀನು ಹೇಳಬೇಕಾಗಿಲ್ಲ. ಗಾಫ್ ಮರದ ನೆರಳು ಚಿಕ್ಕದಾಗುವುದನ್ನು ನೋಡುತ್ತಾ ಮುದುಕನಾದವನು ನಾನು. ಬೇಲಿ ಹಾಕುವುದು ಸುಲಭ. ಎರಡು ಚಳಿಗಾಲ ಕಳೆದ ಮೇಲೆ ತೆಗೆಯುವವರು ಯಾರು? ನೀನು ತೆಗೆಯುತ್ತೀಯಾ?”

ಇದಾಗಿತ್ತು ಮುದುಕನ ಹೊಟ್ಟೆಯೊಳಗಿನ ನೋವು. ಪಾಠದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಒಮ್ಮೆ ಮುಚ್ಚಿದ ಬಯಲು ಮತ್ತೆ ತನ್ನ ಒಂಟೆಗಳಿಗೆ ತೆರೆಯುತ್ತದೆ ಎಂಬ ನಂಬಿಕೆ ಇರಲಿಲ್ಲ. ಉಮ್ಮರಬ್ಬ ಅನುವಾದಿಸುತ್ತಲೇ, “ತೆಗೀತೇನೆ ಅಂತ ಹೇಳಿಬಿಡಿ,” ಎಂದು ಬಾಲ ಸೇರಿಸಿದರು.

ಆಸ್ವಾಲ್ಡರು ತಲೆ ಅಲ್ಲಾಡಿಸಿದರು. “ನಾನು ತೆಗೆಯಲಾರೆ. ಎರಡು ಚಳಿಗಾಲದ ನಂತರ ನಾನು ಈ ದೇಶದಲ್ಲಿ ಇರುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ. ಆದರೆ ಯೋಜನೆಯಲ್ಲಿ ಬೇಲಿ ತೆಗೆಯುವ ತಿಂಗಳನ್ನೂ ಬರೆಯಬೇಕು ಎಂದು ನಿಯಮದಲ್ಲಿ ಇದೆ. ಎಷ್ಟೋ ಜನ ಆ ಜಾಗ ಖಾಲಿ ಬಿಡುತ್ತಾರೆ. ಖಾಲಿ ಬಿಡಬೇಡಿ. ಅದನ್ನು ತುಂಬಿಸುವುದು ಹೇಗೆ ಎಂದು ನಾನು ಕಲಿಸಬಲ್ಲೆ. ಅಷ್ಟೇ ನನ್ನಿಂದ ಆಗುವುದು.”

ಮುದುಕ ಅನುವಾದ ಮುಗಿಯುವವರೆಗೆ ಕಾದ. ಆಮೇಲೆ ಮುಂದಕ್ಕೆ ಬಾಗಿ, ಆಸ್ವಾಲ್ಡರ ಮುಂದಿದ್ದ ಬಟ್ಟಲನ್ನು ತನ್ನ ಬಲಗೈಗೆ ತೆಗೆದುಕೊಂಡ. ಮುಸಲ್ಲಂ ಅಪ್ಪನನ್ನೇ ನೋಡುತ್ತಾ ನಿಂತ. ಹೀಗೆ ಮಾಡಿದವರನ್ನು ಅವನೂ ಕಂಡಿರಲಿಲ್ಲ.

“ನಿನ್ನ ಉಪವಾಸ ನಿನ್ನದು. ನನ್ನ ಮಾತು ನನ್ನದು,” ಎಂದು ಬು ಮುಸಲ್ಲಂ ಆ ಕಾಫಿಯನ್ನು ತಾನೇ ಕುಡಿದ. ಬಟ್ಟಲನ್ನು ಮಗನ ಕೈಗೆ ಕೊಟ್ಟು, “ತಣ್ಣಗಾಗಿದೆ,” ಎಂದು ಮುಖ ಸಿಂಡರಿಸಿದ.

ಆಗ ಎಲ್ಲರೂ ಒಟ್ಟಿಗೇ ನಕ್ಕರು.

ತೋಟದಿಂದ ಹೊರಗೆ ಬಂದು ಎರಡು ತಿರುವು ದಾಟಿದ ಮೇಲೆ ಉಮ್ಮರಬ್ಬ ಕಾರು ನಿಲ್ಲಿಸಿದರು. ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತರು. “ನಿಮ್ಮೊಟ್ಟಿಗೆ ಇನ್ನು ನಾನು ಬರುದಿಲ್ಲ. ಮಾಫಿ, ಇಲ್ಲವೇ ಇಲ್ಲ! ನನಗೆ ಶುಗರ್ ಉಂಟು, ಬಿಪಿ ಉಂಟು. ಇವತ್ತು ಹಾರ್ಟೂ ಉಂಟು ಅಂತ ಗೊತ್ತಾಯ್ತು.” ಹೇಳುತ್ತಾ ಹೇಳುತ್ತಾ ನಗತೊಡಗಿದವರು ನಿಲ್ಲಿಸಲಾಗದೆ ಕಣ್ಣು ಒರೆಸಿಕೊಂಡರು.

ಆಸ್ವಾಲ್ಡರು ಕೆಳಗಿಳಿದು ಮರಳಿನ ಮೇಲೆ ನಿಂತರು. ಡೆಲ್ಫಿನ್‌ಗೆ ಫೋನು ಮಾಡಿದರು.

“ಬರ್ತಾರಂತೆ,” ಎಂದರು.

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಮಾತ್ರ. ಆಮೇಲೆ ಡೆಲ್ಫಿನ್, “ಊಟ ಮಾಡಿದ್ರಾ?” ಎಂದು ಕೇಳಿದಳು. ಎದೆ ತುಂಬಿ ಬಂದಾಗ ಅವಳು ಯಾವತ್ತೂ ಕೇಳುವುದು ಅದನ್ನೇ. ಹಿಂದಿನಿಂದ ನತಾಶಾಳ ದನಿ ಕೇಳಿಸಿತು: “ಮಮ್ಮಾ, ಆರ್ ವಿ ಸ್ಟೇಯಿಂಗ್? ಡ್ಯಾಡಿ, ಆರ್ ವಿ?”

“ಮೊದಲು ಬರಲಿ ಪುತಾ. ಬಂದ ಮೇಲೆ ಹೇಳ್ತೇನೆ,” ಎಂದರು ಆಸ್ವಾಲ್ಡರು. ಮುದುಕನ ಮಾತಿನ ಮೇಲೆ ಅವರಿಗೆ ನಂಬಿಕೆ ಇತ್ತು. ಆದರೆ ತಮ್ಮ ಅದೃಷ್ಟದ ಮೇಲೆ ಅಷ್ಟಾಗಿ ಇರಲಿಲ್ಲ.

ಮುಂದಿನ ವಾರ ಪಾಠದ ದಿನ ಬಂತು. ಹಿಂದೆ ಡ್ರೈವರುಗಳು ಮಲಗಿದ್ದ ಅದೇ ಸಭಾಂಗಣ. ಆಸ್ವಾಲ್ಡರು ಬೇಗನೆ ಬಂದು, ಗೋಡೆಗೆ ಬಯಲಿನ ನಕಾಶೆ ಹಚ್ಚಿ, ಕುರ್ಚಿಗಳನ್ನು ಸಾಲಾಗಿಸಿ ಕಾದರು. ಹೇಳಿದ ಹೊತ್ತು ಮೀರಿತು. ಕುರ್ಚಿಗಳು ಖಾಲಿ. ಸೆಡ್ರಿಕ್ ದುಬೈಯಿಂದ ಸ್ವತಃ ಬಂದಿದ್ದ; ಗಡಿಯಾರ ನೋಡುವುದು, ಆಸ್ವಾಲ್ಡರ ಮುಖ ನೋಡುವುದು, ಇದೇ ಅವನ ಕೆಲಸವಾಗಿತ್ತು. ಉಮ್ಮರಬ್ಬ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದರು.

“ಧೂಳು!” ಎಂದು ಅವರು ಕೂಗಿದರು. “ಪೊರ್ಬುಗಳೇ, ಧೂಳು ಕಾಣ್ತದೆ!”

ಒಂದು ಗಾಡಿಯಲ್ಲ, ಸಾಲು ಸಾಲು. ಮುಂದಿನದರಿಂದ ಬು ಮುಸಲ್ಲಂ ಮಗನ ಕೈ ಹಿಡಿದು ಇಳಿದ. ಹಿಂದಿನವುಗಳಿಂದ ದಢೂತಿ ಮನುಷ್ಯ, ಮಜ್ಲಿಸ್‌ನಲ್ಲಿ ಕೂತಿದ್ದವರೆಲ್ಲ, ಕೂತಿರದವರೂ, ಅವರ ಮ್ಯಾನೇಜರುಗಳೂ ಇಳಿದರು. ಸಭಾಂಗಣ ತುಂಬಿ, ಕೆಲವರು ಹಿಂದೆ ನಿಲ್ಲಬೇಕಾಯಿತು. ಸೆಡ್ರಿಕ್ ಆಸ್ವಾಲ್ಡರ ಹತ್ತಿರ ಬಂದು, “ಅಂಕಲ್, ನಿಮ್ಮ ವೀಸಾದ ಪೇಪರ್ ನಾಳೆಯೇ ಕಳಿಸ್ತೇನೆ,” ಎಂದ. ಅಷ್ಟು ಚಿಕ್ಕ ಮಾತು. ಆಸ್ವಾಲ್ಡರಿಗೆ ಎದೆಯ ಮೇಲಿಂದ ಕಲ್ಲುಚಪ್ಪಡಿ ಎತ್ತಿ ಆಚೆ ಇಟ್ಟಂತಾಯಿತು. ಇನ್ನೊಂದು ವರ್ಷ. ಹುಡುಗಿ ತನ್ನ ಶಾಲೆಯಲ್ಲೇ ಪರೀಕ್ಷೆ ಬರೆಯುತ್ತಾಳೆ.

ಪಾಠ ಶುರು ಮಾಡಬೇಕು ಎನ್ನುವಾಗ ಸಭಾಂಗಣದ ಕೆಲಸದವನು ಬಾಗಿಲು ದೂಡಿಕೊಂಡು ದೊಡ್ಡ ಟ್ರಾಲಿ ತಂದ. ಅದರ ಮೇಲೆ ಫ್ಲಾಸ್ಕುಗಳು, ಬಟ್ಟಲುಗಳು. ಏಲಕ್ಕಿಯ ಘಮ ಕೋಣೆಯ ತುಂಬ ಹರಡಿತು. ಬೆಳಗ್ಗೆಯೇ ಮನೆ ಬಿಟ್ಟು ದೂರದಿಂದ ಬಂದವರು, ಎಲ್ಲರ ಮುಖವೂ ಅರಳಿತು. ಒಬ್ಬಿಬ್ಬರು ಆಗಲೇ ಕೈ ಮುಂದೆ ಮಾಡಿದ್ದರು.

ಬು ಮುಸಲ್ಲಂ ಮುಂದಿನ ಸಾಲಿನಿಂದ ಎದ್ದು ನಿಂತು, ತನ್ನ ಕೋಲನ್ನು ಟ್ರಾಲಿಗೆ ಅಡ್ಡ ಹಿಡಿದ. ಏನೋ ಹೇಳಿದ. ಕೆಲಸದವನು ಗಾಬರಿಯಿಂದ ಟ್ರಾಲಿಯನ್ನು ಹಿಂದಕ್ಕೆ ಎಳೆದುಕೊಂಡು ಹೋದ. ಹಿಂದಿನ ಸಾಲುಗಳಿಂದ ಗೊಣಗಾಟ ಎದ್ದಿತು. ಮುದುಕ ತಿರುಗಿ ಒಮ್ಮೆ ನೋಡಿದ್ದೇ, ನಿಂತಿತು.

“ಎಂತ ಹೇಳಿದ್ರು?” ಎಂದು ಆಸ್ವಾಲ್ಡರು ಕೇಳಿದರು.

ಉಮ್ಮರಬ್ಬ ಹೋಗುತ್ತಿದ್ದ ಟ್ರಾಲಿಯನ್ನೇ ಆಸೆಯಿಂದ ನೋಡುತ್ತಿದ್ದರು. “ಮೇಷ್ಟ್ರಿಗೆ ಉಪವಾಸ. ಪಾಠ ಮುಗಿಯುವವರೆಗೆ ಇಲ್ಲಿ ಯಾರಿಗೂ ಕಾಫಿ ಇಲ್ಲ ಅಂತ ಹೇಳಿದ್ರು,” ಎಂದರು. “ನನಗೂ ಇಲ್ಲವಂತೆ.”

ಆಸ್ವಾಲ್ಡರು ನಕಾಶೆಯ ಕಡೆಗೆ ತಿರುಗಿ ನಿಂತರು. ಅಷ್ಟು ಮಂದಿ ಗಡ್ಡದ ಗಂಡಸರು ಕಾಫಿಯಿಲ್ಲದೆ, ಸುಮ್ಮನೆ, ಅವರ ಬೆನ್ನನ್ನು ನೋಡುತ್ತಾ ಕೂತಿದ್ದರು. ಬಯಲು, ಬೇಲಿ, ಗಾಫ್ ಮರದ ಗುರುತುಗಳೆಲ್ಲ ಕಣ್ಣೀರಿನಲ್ಲಿ ಒಂದಾಗಿ ಕಲಸಿಹೋಗಿದ್ದವು. ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಈ ಕಡೆ ತಿರುಗಿ, ಪಾಠದ ಕೊನೆಗೆಂದು ಇಟ್ಟುಕೊಂಡಿದ್ದ ವಿಷಯವನ್ನೇ ಮೊದಲಿಗೆ ತೆಗೆದುಕೊಂಡರು.

“ಬೇಲಿ ತೆಗೆಯುವ ತಿಂಗಳು,” ಎಂದರು. “ಮೊದಲು ಅದನ್ನು ಬರೆಯೋಣ.”